ಗಾಳಕ್ಕೆ ಬಿದ್ದ ಅಪರಿಚಿತರು

ತಿರುಮಕೂಡಲಿನಿಂದ ಕೆಳಗೆ, ಕಪಿಲೆಯನ್ನು ಸೇರಿಸಿಕೊಂಡ ಕಾವೇರಿ ಮೈತುಂಬಿ ಹರಿಯುವ ಕಡೆ, ಗಾಳ ಹಾಕುವವರಲ್ಲಿ ಎರಡು ಪಂಗಡ. ಹಗಲಿನವರು ರಾಗಿ ಹಿಟ್ಟನ್ನು ಉಂಡೆ ಕಟ್ಟಿಕೊಂಡು ಬಂದು, ಬೆಂಡು ಮುಳುಗುವುದನ್ನೇ ನೋಡುತ್ತ ಗೆಂಡೆ ಮೀನಿಗೆ ಕಾಯುತ್ತಾರೆ. ರಾತ್ರಿಯವರಿಗೆ ಬೆಂಡು ಬೇಡ. ತಂಗೂಸಿ ದಾರಕ್ಕೆ ಸೀಸದ ಗುಂಡು ಕಟ್ಟಿ, ಗಾಳಕ್ಕೆ ಎರೆಹುಳವನ್ನೋ ಕೋಳಿ ಕರುಳನ್ನೋ ಸಿಕ್ಕಿಸಿ ಮಡುವಿನ ತಳಕ್ಕೆ ಇಳಿಬಿಡುತ್ತಾರೆ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು, ಬೀಡಿ ಹಚ್ಚಿ ಕೂತರೆ ಮುಗಿಯಿತು. ಅವರು ಕಾಯುವುದು ಮೀಸೆ ಇರುವ ಮೀನಿಗೆ. ಮೈಮೇಲೆ ಹುರುಪೆ ಇಲ್ಲದ, ಬಾಯಿ ಸುತ್ತ ನಾಲ್ಕೋ ಆರೋ ಎಂಟೋ ಮೀಸೆ ಇಳಿಬಿಟ್ಟುಕೊಂಡ ಈ ಬಳಗವನ್ನು ಪೇಟೆಯಲ್ಲಿ ಒಟ್ಟಾರೆ ಕ್ಯಾಟ್‌ಫಿಶ್ ಎಂದುಬಿಡುತ್ತಾರೆ. ಹೊಳೆ ದಂಡೆಯಲ್ಲಿ ಹಾಗಂದರೆ ನಗುತ್ತಾರೆ. ಅಲ್ಲಿ ಗಿರ್ಲು ಬೇರೆ, ಗೊದ್ಲೆ ಬೇರೆ, ಬಾಳೆ ಬೇರೆ, ಮುರುಗೋಡು ಬೇರೆ, ಚೇಳು ಮೀನಂತೂ ಬೇರೆಯೇ ಬೇರೆ.

ಹೀಗೆ ಹೆಸರು ಹಿಡಿದು ಕರೆಯಬಲ್ಲವರ ಗಾಳಕ್ಕೂ ಆಗಾಗ ಹೆಸರಿಲ್ಲದ ಮೀನೊಂದು ಬೀಳುತ್ತದೆ. ಟಾರ್ಚು ಬಿಟ್ಟು ನೋಡಿ, ಪಕ್ಕದವನನ್ನು ಕೂಗಿ ಕರೆದು, ಕಡೆಗೆ ‘ಯಾವುದೋ ಕಾಣೆ’ ಎನ್ನುವ ಗಳಿಗೆ. ಹಿಂದೆ ಹಾಗೆ ಬೀಳುತ್ತಿದ್ದದ್ದು ಬಹುಪಾಲು ನದಿಯ ಆಳದಲ್ಲೇ ಇದ್ದು ಅಪರೂಪಕ್ಕೆ ಮುಖ ತೋರುತ್ತಿದ್ದ ಹಳೆಯ ನಿವಾಸಿ. ಈಗ ಬೀಳುತ್ತಿರುವುದರಲ್ಲಿ ಹೆಚ್ಚಿನದು ಬೇರೆ ಖಂಡದ್ದು. ನೀರೊಳಗೆ ಏನಾಗುತ್ತಿದೆ ಎಂಬ ಸಮಾಚಾರ ಕಚೇರಿಯ ಕಡತಕ್ಕೆ ಏರುವ ಎಷ್ಟೋ ಮೊದಲು ಈ ರಾತ್ರಿ ಪಾಳಿಯವರಿಗೆ ಗೊತ್ತಾಗಿರುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ, ಅಷ್ಟೆ.

ಮುಳ್ಳು, ಮೀಸೆ, ಮೂಗು

ಅಪರೂಪದ ಮಾತಿಗೆ ಮುಂಚೆ ನಿತ್ಯ ಸಿಗುವ ಗಿರ್ಲನ್ನು ಕೈಯಲ್ಲಿ ಹಿಡಿದು ನೋಡಬೇಕು. ಗೇಣುದ್ದದ, ಬೆಳ್ಳಿ ಮೈಯ ಮೀನು. ಸಾರಿಗೆ ಇದನ್ನು ಮೀರಿಸಿದ್ದಿಲ್ಲ ಎಂದು ವಾದಿಸುವವರು ಮೈಸೂರು, ಮಂಡ್ಯದ ಕಡೆ ಬೇಕಾದಷ್ಟು ಜನ. ಗಾಳದಿಂದ ಬಿಡಿಸಲು ಹೋದರೆ ಕರಕರ ಎಂದು ಸದ್ದು ಮಾಡುತ್ತದೆ. ಸದ್ದು ಬಾಯಿಯದಲ್ಲ. ಕಿವಿರಿನ ಹಿಂದೆ ಎರಡೂ ಪಕ್ಕದ ಈಜುರೆಕ್ಕೆಯ ಮೊದಲ ಕಡ್ಡಿ ಗಟ್ಟಿ ಮುಳ್ಳಾಗಿರುತ್ತದೆ. ಅದರ ಬುಡ ಭುಜದ ಮೂಳೆಯ ಗುಳಿಯಲ್ಲಿ ಉಜ್ಜಿದಾಗ ಹುಟ್ಟುವ ಸದ್ದು ಅದು. ಬೆನ್ನ ಮೇಲೆ ಇನ್ನೊಂದು ಮುಳ್ಳು. ಹೆದರಿದ ಮೀನು ಮೂರನ್ನೂ ನೆಟ್ಟಗೆ ನಿಲ್ಲಿಸಿ ಬುಡದಲ್ಲಿ ಬಿಗಿದುಕೊಂಡುಬಿಡುತ್ತದೆ. ಆಮೇಲೆ ಆ ಮುಳ್ಳನ್ನು ಮುರಿಯಬಹುದೇ ಹೊರತು ಮಡಚಲಾಗುವುದಿಲ್ಲ. ನುಂಗಲು ಬಂದ ಹಕ್ಕಿಯ ಗಂಟಲಲ್ಲಿ ಅಡ್ಡ ನಿಲ್ಲುವುದಕ್ಕೆ ಇಷ್ಟು ಸಾಕು.

ತಲಕಾಡಿನ ಆಚೆ ಹರಿಗೋಲು ಹಾಕುವ ಹಿರಿಯರೊಬ್ಬರು ನನಗೆ ಇದನ್ನು ಹಿಡಿಯುವ ಕ್ರಮ ಹೇಳಿಕೊಟ್ಟಿದ್ದರು. “ಬಾಲ ಹಿಡೀಬ್ಯಾಡಿ ಸಾ, ಅದು ತಿರುಕ್ಕೊಂಡು ಕುಟ್ತದೆ. ಅಂಗೈ ಹೊಟ್ಟೆ ಕಡೀಕೆ ಕೊಡಿ. ಎರಡು ಮಗ್ಗುಲ ಮುಳ್ಳೂ ಬೆಳ್ಳು ಸಂದಿಂದ ಆಚೀಕೆ ಹೋಗ್ಲಿ. ಹೂಂ, ಈಗ ಅದು ಒದ್ದಾಡ್ಲಿ, ನೀವು ಒದ್ದಾಡ್ಬ್ಯಾಡಿ.” ಬೆರಳ ನಡುವೆ ಮುಳ್ಳಿನ ಹಿಂಬದಿಯ ಗರಗಸದ ಹಲ್ಲುಗಳು ತಾಕುತ್ತವೆ. ಮೈ ಲೋಳೆ, ತಣ್ಣಗೆ. ಮೀಸೆಗಳು ಮಣಿಕಟ್ಟಿನ ಮೇಲೆ ಆಡುತ್ತಲೇ ಇರುತ್ತವೆ, ಹಿಡಿದದ್ದು ಯಾರೆಂದು ವಿಚಾರಿಸುವಂತೆ.

ಆ ವಿಚಾರಣೆ ನಿಜಕ್ಕೂ ನಡೆದಿರುತ್ತದೆ. ಈ ಮೀನುಗಳಿಗೆ ರುಚಿ ತಿಳಿಯುವ ಮೊಗ್ಗುಗಳು ಬಾಯೊಳಗಷ್ಟೇ ಇಲ್ಲ; ಮೀಸೆ, ತುಟಿ, ಮೈಚರ್ಮದ ಮೇಲೆಲ್ಲ ಹರಡಿವೆ. ಮುಟ್ಟಿದ್ದರ ರುಚಿ ಅದಕ್ಕೆ ಆಗಲೇ ತಿಳಿದಿರುತ್ತದೆ. ಜೊತೆಗೆ, ಬೇರೆ ಜೀವಿಗಳ ಮೈಯಿಂದ ಹೊರಡುವ ಅತಿ ಕ್ಷೀಣ ವಿದ್ಯುತ್ತನ್ನು ಗ್ರಹಿಸುವ ಕಣ್ಣಿಗೆ ಕಾಣದಂಥ ಗುಳಿಗಳು ಚರ್ಮದಲ್ಲಿವೆ. ಕೆಸರಿನಡಿ ಅಡಗಿದ ಹುಳವನ್ನು ಕತ್ತಲಲ್ಲಿ ಹುಡುಕುವುದು ಹೀಗೆ. ನೀರಿನ ಕಂಪನವನ್ನು ಗಾಳಿಚೀಲದಿಂದ ಒಳಕಿವಿಗೆ ಮುಟ್ಟಿಸುವ ಪುಟ್ಟ ಮೂಳೆಗಳ ಸರಣಿಯೂ ಇದೆ. ಹೀಗಾಗಿ ದಂಡೆಯ ಮೇಲೆ ಕಾಲು ಅಪ್ಪಳಿಸಿ ನಡೆಯುವವನನ್ನು ಉಳಿದವರು ಬೈಯುವುದರಲ್ಲಿ ನ್ಯಾಯವಿದೆ. ಕೋಳಿ ಕರುಳು ಒಂದು ದಿನ ಹಳಸಿರಲಿ ಎನ್ನುವ ರಾತ್ರಿಯವರ ಹಟಕ್ಕೂ ಇದೇ ಕಾರಣ. ಹಳಸಿದ್ದರ ವಾಸನೆ ನೀರಲ್ಲಿ ಬೇಗ ಹರಡುತ್ತದೆ.

ಚೇಳು ಮೀನಿನ ಜೊತೆ ಮಾತ್ರ ಸಲಿಗೆ ಸಲ್ಲದು. ಬೆರಳ ಗಾತ್ರದ, ಕೆಂಗಪ್ಪು ಬಣ್ಣದ ಈ ಸಣ್ಣ ಮೀನಿನ ಪಕ್ಕದ ಮುಳ್ಳಿಗೆ ವಿಷದ ಗ್ರಂಥಿ ಅಂಟಿಕೊಂಡಿದೆ. ಚುಚ್ಚಿದರೆ ಗಂಟೆಗಟ್ಟಲೆ ಉರಿ, ಬಾವು. ಸುಣ್ಣ ಹಚ್ಚುವ, ಸೊಪ್ಪು ಅರೆದು ಕಟ್ಟುವ ಮದ್ದು ಊರಿಗೊಂದು. ವೈದ್ಯರು ಹೇಳುವುದು, ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿ ಇಡಿ ಎಂದು. ಆ ವಿಷ ಪ್ರೋಟೀನು, ಶಾಖಕ್ಕೆ ಕೆಡುತ್ತದೆ. ಮುಳ್ಳಿನ ಚೂರು ಒಳಗೆ ಉಳಿದಿದ್ದರೆ ಆಸ್ಪತ್ರೆಗೆ ಹೋಗದೆ ಗತಿಯಿಲ್ಲ. ಇಷ್ಟಾದರೂ ಬಾಣಂತಿಗೆ, ರಕ್ತ ಕಮ್ಮಿಯಾದವರಿಗೆ ಒಳ್ಳೆಯದೆಂದು ಇದನ್ನೇ ಹುಡುಕಿಕೊಂಡು ಬರುವವರಿದ್ದಾರೆ.

ಇನ್ನು ಬಾಳೆ. ಹೆಸರು ಸೌಮ್ಯ, ಗುಣ ಹಾಗಲ್ಲ. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಬೆನ್ನಿನ ರೆಕ್ಕೆ ನೆಪಮಾತ್ರಕ್ಕೆ, ಹೊಟ್ಟೆಯ ಕೆಳಗಿನ ರೆಕ್ಕೆ ಬಾಲದವರೆಗೂ ಉದ್ದ. ದವಡೆಯಲ್ಲಿ ಒತ್ತೊತ್ತಾಗಿ ಒಳಕ್ಕೆ ಬಾಗಿದ ಹಲ್ಲು. ಇದಕ್ಕೆ ಎರೆಹುಳ ಸಾಲದು, ಜೀವಂತ ಸಣ್ಣ ಮೀನನ್ನೇ ಗಾಳಕ್ಕೆ ಸಿಕ್ಕಿಸಬೇಕು. ಆಳೆತ್ತರ ಬೆಳೆಯಬಲ್ಲ ಮೀನು ಇದು. 1801ರಲ್ಲಿ ಬ್ಲಾಕ್ ಮತ್ತು ಶ್ನೈಡರ್ ಇದನ್ನು ಮೊದಲ ಬಾರಿಗೆ ವಿಜ್ಞಾನದ ಪುಸ್ತಕಕ್ಕೆ ಸೇರಿಸಿದ್ದು ಮಲಬಾರಿನಿಂದ ಹೋದ ಮಾದರಿ ಇಟ್ಟುಕೊಂಡು. ತುಂಗಭದ್ರಾ, ಕೃಷ್ಣಾ, ಕಾವೇರಿ ಮೂರರಲ್ಲೂ ಒಂದು ಕಾಲಕ್ಕೆ ಇದು ಮಾಮೂಲಿ. ಈಗ ಐಯುಸಿಎನ್ ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಜಾತಿಗಳ ಸಾಲಿಗೆ ಸೇರಿದೆ. ಮೊದಲ ಮಳೆಗೆ ಹೊಳೆ ಉಕ್ಕಿ ಹುಲ್ಲುಗಾವಲಿಗೆ ನುಗ್ಗಿದಾಗ ಅಲ್ಲಿ ಮೊಟ್ಟೆಯಿಡುವುದು ಇದರ ಪದ್ಧತಿ. ಅಣೆಕಟ್ಟೆ ಬಂದ ಮೇಲೆ ನೀರು ಉಕ್ಕುವ ಕಾಲ ನದಿಯದ್ದಲ್ಲ, ಗೇಟು ಎತ್ತುವವರದ್ದು. ಮರಳು ತೆಗೆದ ಮೇಲೆ ಮಡುಗಳೂ ಮೊದಲಿನಂತೆ ಉಳಿಯಲಿಲ್ಲ. ಮಲೆನಾಡಿನಲ್ಲಿ ಹತ್ತುಮೀನಿನ ಹೊತ್ತಿಗೆ ಕೂಣಿ ಇಟ್ಟು, ಕತ್ತಿ ಹಿಡಿದು, ಗದ್ದೆ ಬದುವಿನುದ್ದಕ್ಕೂ ನಡೆಯುವ ಸಂಭ್ರಮ ಗೊತ್ತಿದ್ದವರಿಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನನ್ನೇ ನಾವು ಹೆಚ್ಚು ಹಿಡಿದಿದ್ದೇವೆ ಎಂಬುದೂ ಗೊತ್ತು.

ದೊರೆಯ ಗಾಳ, ಟೀವಿಯ ಗಾಳ

ಹುರುಪೆ ಇರುವ ಮೀನು, ಇಲ್ಲದ ಮೀನು ಎಂಬ ಭೇದ ನಮ್ಮಲ್ಲಿ ತುಂಬ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದ ಎಂದೇ ಒಂದು ಭಾಗವಿದೆ. ಇಂದಿನ ಬಸವಕಲ್ಯಾಣದಲ್ಲಿ ಕೂತು ಆಳಿದ ರಾಜ, ಮೀನಿನ ಜಾತಿ, ಅವು ಇರುವ ಜಾಗ, ಯಾವುದಕ್ಕೆ ಯಾವ ಆಹಾರ ಎಂದೆಲ್ಲ ಅದರಲ್ಲಿ ವಿವರಿಸುತ್ತಾನೆ. ರಾಜರ ವಿನೋದಗಳ ಪಟ್ಟಿಯಲ್ಲಿ ಆನೆ, ಕುದುರೆ, ಮಲ್ಲಯುದ್ಧದ ಜೊತೆ ಗಾಳಕ್ಕೂ ಜಾಗ ಸಿಕ್ಕಿರುವುದು ನನಗೆ ಇಷ್ಟದ ಸಂಗತಿ. ಈ ಭಾಗವನ್ನು ಹೆಕ್ಕಿ ತೆಗೆದು 1951ರಲ್ಲಿ ಮೀನುಶಾಸ್ತ್ರದ ಕಣ್ಣಿಂದ ಓದಿ ಬರೆದವರು ಸುಂದರ್ ಲಾಲ್ ಹೋರಾ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅವರು ಗುಡ್ಡಗಾಡಿನ ಝರಿಗಳಲ್ಲಿ ಬಂಡೆಗೆ ಅಂಟಿ ಬದುಕುವ ಮೀನುಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದವರು. 1955ರಲ್ಲಿ ಅವರು ತೀರಿಕೊಂಡರು. ಪಶ್ಚಿಮ ಘಟ್ಟದ ಪಡುವಣ ಹೊಳೆಗಳಲ್ಲಿ ಸಿಗುವ, ಭುಜದ ಮೇಲೆ ಕಪ್ಪು ಮಚ್ಚೆಯ ಹಳದಿ ಮೀಸೆ ಮೀನಿನ ಕುಲಕ್ಕೆ ಕೆ.ಸಿ. ಜಯರಾಮ್ ಅದೇ ವರ್ಷ ಹೋರಾಬ್ಯಾಗ್ರಸ್ ಎಂದು ಹೆಸರಿಟ್ಟರು.

ಟೀವಿ ನೋಡುವವರಿಗೆ ಅಪರೂಪದ ಮೀಸೆ ಮೀನು ಎಂದರೆ ನೆನಪಾಗುವುದು ಬೇರೆಯೇ. ಭಾರತ, ನೇಪಾಳದ ಗಡಿಯಲ್ಲಿ ಹರಿಯುವ ಕಾಳಿ ನದಿಯ ಗೂಂಚ್. 1998ರಿಂದ 2007ರ ನಡುವೆ ಅಲ್ಲಿ ಈಜಲಿಳಿದ ಕೆಲವರು ಕಣ್ಮರೆಯಾದದ್ದಕ್ಕೆ ಮೀನನ್ನು ಹೊಣೆ ಮಾಡಿ, ಬ್ರಿಟಿಷ್ ಗಾಳಗಾರ ಜೆರೆಮಿ ವೇಡ್ ಅದನ್ನು ಹುಡುಕಿಕೊಂಡು ಹೋದರು. ಅವರು ಕಡೆಗೆ ಎಳೆದು ತಂದ ಗೂಂಚ್ ಆರಡಿ ಹತ್ತಿರ ಉದ್ದ, 75 ಕಿಲೋ ಆಸುಪಾಸಿನ ತೂಕ. ಹೊಳೆದಡದ ಚಿತೆಗಳಿಂದ ನೀರಿಗೆ ಬಿದ್ದ ಅರೆಬೆಂದ ದೇಹಗಳನ್ನು ತಿಂದು ಮೀನಿಗೆ ಮನುಷ್ಯನ ರುಚಿ ಹತ್ತಿದೆ ಎಂಬ ಊಹೆಯನ್ನು ಕಾರ್ಯಕ್ರಮ ಮುಂದಿಟ್ಟಿತು. ಇದೇ ಜಾಡಿನಲ್ಲಿ ‘ರಿವರ್ ಮಾನ್ಸ್ಟರ್ಸ್’ ಸರಣಿ 2009ರಲ್ಲಿ ಶುರುವಾಯಿತು, ಜಗತ್ತೆಲ್ಲ ನೋಡಿತು. ಊಹೆ ಊಹೆಯಾಗಿಯೇ ಉಳಿಯಿತು. ಬೆಟ್ಟದ ನದಿಯ ಸುಳಿಯಲ್ಲಿ ಮುಳುಗಿ ಸಾಯಲು ಮನುಷ್ಯನಿಗೆ ಮೀನಿನ ಸಹಾಯ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಟೀವಿಗೆ ರಾಕ್ಷಸ ಬೇಕಿತ್ತು, ಆ ಮೀನಿನ ಮುಖ ಅದಕ್ಕೆ ಒಪ್ಪಿತು.

ಆ ಮುಖದ ನೆಂಟರು ನಮ್ಮ ನದಿಗಳಿಗೂ ಹೊಸಬರಲ್ಲ. ಗೂಂಚ್ ಬಳಗದ ಒಂದು ಜಾತಿಯನ್ನು 1839ರಲ್ಲಿ ಕರ್ನಲ್ ಸೈಕ್ಸ್ ವರ್ಣಿಸಿದ್ದು ಪುಣೆಯ ಮುಳಾ, ಮುಠಾ ನದಿಯಿಂದ ಹಿಡಿದ ಮೀನು ಇಟ್ಟುಕೊಂಡು. ಆ ನೀರು ಭೀಮೆಗೆ ಸೇರಿ, ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿ ದಾಟಿಯೇ ಕೃಷ್ಣೆಗೆ ಬೀಳುತ್ತದೆ. ಬಂಡೆಗಳ ನಡುವೆ ರಭಸವಾಗಿ ಹರಿಯುವ ನೀರಿನ ತಳದಲ್ಲಿ, ಬಂಡೆಯ ಬಣ್ಣಕ್ಕೇ ತಿರುಗಿ, ಅಲುಗಾಡದೆ ಬಿದ್ದಿರುವ ಮೀನು ಅದು. ಹೊಳೆಗೆ ಅಡ್ಡವಾಗಿ ಸಾಲು ಬ್ಯಾರೇಜು ಬಂದು ನೀರು ನಿಂತ ಕಡೆ ಅದಕ್ಕೆ ಕೆಲಸವಿಲ್ಲ.

ಕೋಡಿ ದಾಟಿ ಬಂದದ್ದು

ಈಗ ಹೊಸಬರ ಕಡೆಗೆ. ಮೊದಲನೆಯವನು ಆಫ್ರಿಕಾದವನು. ಮಾರುಕಟ್ಟೆಯಲ್ಲಿ ಬರೀ ‘ಕ್ಯಾಟ್‌ಫಿಶ್’ ಎಂದರೆ ಇವನೇ. ನಮ್ಮ ಮುರುಗೋಡಿನ, ಕರಾವಳಿಯವರ ಮುಗುಡಿನ ದಾಯಾದಿ. ನೋಡಲು ಒಂದೇ ಅಚ್ಚು: ಚಪ್ಪಟೆ ತಲೆ, ಎಂಟು ಮೀಸೆ, ಬೆನ್ನುದ್ದ ರೆಕ್ಕೆ. ಕಿವಿರಿನ ಮೇಲೆ ಹವಳದ ಕೊಂಬೆಯಂಥ ಅಂಗವೊಂದಿದ್ದು ಗಾಳಿಯನ್ನೇ ನೇರ ಉಸಿರಾಡುತ್ತದೆ. ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗಬಲ್ಲದು. ವ್ಯತ್ಯಾಸ ಇರುವುದು ಹಸಿವಿನಲ್ಲಿ, ಗಾತ್ರದಲ್ಲಿ. ಮುರುಗೋಡು ಮೊಳದುದ್ದ ಬೆಳೆದರೆ ಹೆಚ್ಚು. ಆಫ್ರಿಕಾದ್ದು ಒಂದೂವರೆ ಮೀಟರಿಗೂ ಮಿಕ್ಕಿ, ಹತ್ತಾರು ಕಿಲೋ ತೂಗಬಲ್ಲದು. ಕಾವೇರಿ ಬಯಲಿನ ಕೆರೆಯಲ್ಲಿ ಮೂರು ಕಿಲೋ ಮೀರಿದ ‘ಮುರುಗೋಡು’ ಸಿಕ್ಕಿತೆಂದು ಯಾರಾದರೂ ಬೀಗಿದರೆ, ಅದು ಯಾವ ಊರಿನದೆಂದು ಕೇಳುವ ಅಗತ್ಯವೇ ಇಲ್ಲ.

1990ರ ದಶಕದ ಮೊದಲ ಭಾಗದಲ್ಲಿ ಬಾಂಗ್ಲಾದೇಶದ ದಾರಿಯಿಂದ ಕದ್ದು ಬಂದ ಮೀನು ಇದು. 2000ನೇ ಇಸವಿಯ ಹೊತ್ತಿಗೆ ಕೇಂದ್ರ ಸರ್ಕಾರ ಸಾಕಣೆಯನ್ನು ನಿಷೇಧಿಸಿತು. ಹಸಿರು ನ್ಯಾಯಮಂಡಳಿಯೂ ಮಧ್ಯೆ ಬಂದು ಇದ್ದದ್ದನ್ನೆಲ್ಲ ನಾಶ ಮಾಡಿ ಎಂದಿತು. ಆಗಾಗ ದಾಳಿ ನಡೆಯುತ್ತದೆ, ಜೆಸಿಬಿ ತಂದು ಹೊಂಡ ಮುಚ್ಚುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಮತ್ತೆ ಪಕ್ಕದ ತಾಲ್ಲೂಕಿನಲ್ಲಿ ಹೊಂಡ ತೆರೆಯುತ್ತದೆ. ಕಾರಣ ಲೆಕ್ಕಾಚಾರದ್ದು. ಕೋಳಿ ಅಂಗಡಿಯ ಕಸವನ್ನು ವಿಲೇವಾರಿ ಮಾಡಲು ನಗರಕ್ಕೆ ಜಾಗ ಬೇಕು. ಆ ಕಸ ತಿಂದೇ ಕೆಲವೇ ತಿಂಗಳಲ್ಲಿ ಮಾರಾಟಕ್ಕೆ ಬರುವ ಮೀನು ಇದು. ಗಬ್ಬು ನೀರಾದರೂ ಸಾಯುವುದಿಲ್ಲ, ಮೇಲೆ ಬಂದು ಗಾಳಿ ಕುಡಿಯುತ್ತದೆ. ಕಸ ಒಯ್ಯುವುದಕ್ಕೂ ದುಡ್ಡು, ಮೀನು ಮಾರಿದರೂ ದುಡ್ಡು ಎಂದ ಮೇಲೆ ನಿಷೇಧದ ಆದೇಶಕ್ಕೆ ಎಷ್ಟು ಬಲ?

ಜೋರು ಮಳೆಗೆ ಹೊಂಡ ಒಡೆಯುತ್ತದೆ. ಕೆರೆ ತುಂಬಿ ಕೋಡಿ ಬೀಳುತ್ತದೆ. ಕೋಡಿಯಿಂದ ಹಳ್ಳ, ಹಳ್ಳದಿಂದ ಹೊಳೆ. ನಮ್ಮ ಹಿರಿಯರು ಕೆರೆಗಳನ್ನು ಒಂದಕ್ಕೊಂದು ಸಾಲಾಗಿ ಕಟ್ಟಿದ್ದು ನೀರಿಗಾಗಿ. ಮೀನಿಗೆ ಅದೇ ಹೆದ್ದಾರಿಯಾಯಿತು. ಹಾಗೆ ಹೊಳೆಗಿಳಿದ ಮೀನು ಸಣ್ಣ ಮೀನು, ಕಪ್ಪೆ, ಸೀಗಡಿ, ಮೊಟ್ಟೆ, ಹೀಗೆ ಬಾಯಿಗೆ ಹಿಡಿದಷ್ಟನ್ನೂ ತಿನ್ನುತ್ತದೆ. ತಳದಲ್ಲಿ ಇದೇ ಊಟಕ್ಕೆ ಕಾದಿದ್ದ ಮುರುಗೋಡು ಹಿಂದೆ ಸರಿಯುತ್ತದೆ. ಗಾಳ ಹಾಕುವವನ ಅನುಭವದಲ್ಲಿ ಇದು ಬಹಳ ಸರಳವಾಗಿ ಕಾಣಿಸಿಕೊಳ್ಳುತ್ತದೆ: ದಾರ ಮೊದಲಿಗಿಂತ ಜೋರಾಗಿ ಎಳೆಯುತ್ತದೆ, ಬುಟ್ಟಿಯಲ್ಲಿ ಬಗೆ ಕಡಿಮೆಯಾಗುತ್ತದೆ. ಹೊಸ ಹುಡುಗರಿಗೆ ದೊಡ್ಡ ಮೀನು ಸಿಕ್ಕ ಖುಷಿ. ಹರಿಗೋಲಿನ ಯಜಮಾನರು ಅಂಥ ಒಂದನ್ನು ನೋಡಿ ಹೇಳಿದ್ದು, “ಇದ್ಕೆ ರುಚೀನೂ ಇಲ್ಲ, ಮರ್ಯಾದೀನೂ ಇಲ್ಲ ಸಾ.”

ಮೀಸೆ ಮೀನು ತಿನ್ನುವುದಿಲ್ಲ ಎಂದು ಮೂಗು ಮುರಿಯುವ ನಗರವಾಸಿಗಳಿಗೆ ಇಲ್ಲೊಂದು ಕಿವಿಮಾತು. ಹೋಟೆಲಿನಲ್ಲಿ ಬೋನ್‌ಲೆಸ್ ಎಂದು ಚಪ್ಪರಿಸುವ ಬಾಸಾ ಕೂಡ ಇದೇ ಬಳಗದ್ದು. ಮೆಕಾಂಗ್ ನದಿಯ ಮೂಲದ ಈ ಮೀನನ್ನು ಆಂಧ್ರದ ಹೊಂಡಗಳಲ್ಲಿ ಭರ್ಜರಿಯಾಗಿ ಬೆಳೆಯುತ್ತಾರೆ. ಮೀಸೆ ಕತ್ತರಿಸಿ, ಚರ್ಮ ಸುಲಿದು, ಬಿಳಿ ತುಂಡು ಮಾಡಿ ತಟ್ಟೆಗಿಟ್ಟರೆ ಜಾತಿ ಕೇಳುವವರಿಲ್ಲ.

ಎರಡನೆಯ ಹೊಸಬನನ್ನು ನಾನು ಹತ್ತಿರದಿಂದ ಕಂಡದ್ದು ಬೆಂಗಳೂರಿನ ಹೊರವಲಯದ ಒಂದು ಕೆರೆಯಲ್ಲಿ. ಗಾಳಕ್ಕಲ್ಲ, ಬೀಸುಬಲೆಗೆ. ಪಾಚಿ, ಕೊಳೆತ ಕಸ ಕೆರೆದು ತಿನ್ನುವ ಮೀನಾದ್ದರಿಂದ ಗಾಳದ ಹುಳಕ್ಕೆ ಬಾಯಿ ಹಾಕುವುದು ಕಮ್ಮಿ. ಬಲೆ ಎಳೆದ ಹುಡುಗ ‘ಅಯ್ಯೋ, ಮತ್ತೆ ಇವನೇ’ ಎಂದು ತಲೆ ಚಚ್ಚಿಕೊಂಡ. ಒಂದಡಿ ಮೀರಿದ ಕಪ್ಪು ಮೀನು, ಮೈ ತುಂಬ ಸಾಲುಸಾಲು ಮೂಳೆಯ ಫಲಕ. ಬೆನ್ನ ಮೇಲೆ ಹಾಯಿಯಂತೆ ಬಿಚ್ಚಿದ ದೊಡ್ಡ ರೆಕ್ಕೆ. ತಿರುಗಿಸಿದರೆ ಹೊಟ್ಟೆಯ ಮೇಲೆ ಹುಳ ಹರಿದಾಡಿದಂಥ ಕಪ್ಪು ಗೆರೆಗಳ ಚಿತ್ತಾರ, ತಲೆಯ ಅಡಿಯಲ್ಲಿ ಬಟ್ಟಲಾಕಾರದ ಹೀರುಬಾಯಿ, ಅದರ ಎರಡು ಮೂಲೆಯಲ್ಲಿ ಮೊಂಡು ಮೀಸೆ. ಕಣ್ಣಿನ ಪಾಪೆಯ ಮೇಲೆ ಮೇಲಿನಿಂದ ಒಂದು ಸಣ್ಣ ಪರದೆ ಇಳಿದಿರುತ್ತದೆ, ಬೆಳಕಿಗೆ ತಕ್ಕಂತೆ ಅದು ಹಿಗ್ಗಿ ಕುಗ್ಗುತ್ತದೆ. ಒರಟು ರೆಕ್ಕೆಗಳು ಬಲೆಯ ಕಣ್ಣುಗಳಿಗೆ ಸಿಕ್ಕಿಕೊಂಡಿದ್ದವು. ಬಿಡಿಸುವುದಕ್ಕಿಂತ ಬಲೆ ಕತ್ತರಿಸುವುದೇ ಸಲೀಸೆಂದು ಹುಡುಗ ಬ್ಲೇಡು ತೆಗೆದ. “ಒಂದು ಹಿಡಿದ್ರೆ ನೂರು ರೂಪಾಯಿ ಲುಕ್ಸಾನು ಅಣ್ಣ. ಮಾರಂಗಿಲ್ಲ, ತಿನ್ನಂಗಿಲ್ಲ.”

ಇವನ ಊರು ದಕ್ಷಿಣ ಅಮೆರಿಕ. ಬೆಂಗಳೂರಿಗೆ ಬಂದದ್ದು ಅಕ್ವೇರಿಯಂ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ. ಗಾಜಿಗೆ ಅಂಟಿ ಪಾಚಿ ನೆಕ್ಕುತ್ತಾನೆ, ಹಾಗಾಗಿ ಟ್ಯಾಂಕ್ ಕ್ಲೀನರ್ ಎಂದು ಮಾರುತ್ತಾರೆ. ಬೆರಳುದ್ದದ ಮರಿ ಮಕ್ಕಳಿಗೆ ಮುದ್ದು. ಅದು ತೊಟ್ಟಿಯ ಅರ್ಧದಷ್ಟಾದಾಗ ಕೊಲ್ಲಲು ಯಾರಿಗೂ ಮನಸ್ಸಿಲ್ಲ, ಭಾನುವಾರ ಸಂಜೆ ಕೆರೆ ದಂಡೆಗೆ ಹೋಗಿ ‘ಪಾಪ’ ಎಂದು ಬಿಟ್ಟುಬರುತ್ತಾರೆ. ಆ ‘ಪಾಪ’ದ ಫಲ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪಶ್ಚಿಮ ಬಂಗಾಳದ ನೀರುಗಳಲ್ಲಿ ಹಬ್ಬಿ ಕೂತಿದೆ. 2020ರಲ್ಲಿ ವಾರಾಣಸಿಯ ಗಂಗೆಯಲ್ಲೂ ಸಿಕ್ಕಿ ಸುದ್ದಿಯಾಯಿತು. ಈ ಮೀನು ಕೆರೆ ಏರಿಯ, ದಂಡೆಯ ಮಣ್ಣಿನಲ್ಲಿ ಮೀಟರಿನಷ್ಟು ಆಳದ ಬಿಲ ತೋಡುತ್ತದೆ. ಒಳಗೆ ಮೊಟ್ಟೆ, ಬಾಗಿಲಲ್ಲಿ ಗಂಡು ಕಾವಲು. ಹತ್ತಾರು ಬಿಲವಾದಾಗ ದಂಡೆ ಕುಸಿಯುತ್ತದೆ. ನೀರು ಕೆಟ್ಟರೆ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಿಂದಲೇ ಉಸಿರಾಡುತ್ತದೆ. ಏರಿಯ ಮೇಲೆ ಎಸೆದರೆ ಗಂಟೆಗಳ ಕಾಲ ಬದುಕಿರುತ್ತದೆ. ಕೊಕ್ಕರೆ, ಮಿಂಚುಳ್ಳಿಗಳಿಗೆ ಆ ಕವಚ ಒಗ್ಗುವುದಿಲ್ಲ. ಮೆಕ್ಸಿಕೋದ ಇನ್ಫಿಯೆರ್ನಿಯೋ ಜಲಾಶಯದಲ್ಲಿ ತಿಲಾಪಿಯಾ ಹಿಡಿದು ಬದುಕುತ್ತಿದ್ದ ಬೆಸ್ತರ ಬಲೆ ತುಂಬ ಇದೇ ಮೀನು ತುಂಬಿಕೊಂಡು, ಆ ಉದ್ಯೋಗವೇ ನೆಲಕಚ್ಚಿತು. ಅಲ್ಲಿನವರು ಇದನ್ನು ಕರೆಯುವುದೇ ದೆವ್ವದ ಮೀನು ಎಂದು.

ಬೇರೆ ನೀರಿಗೆ ಬಿದ್ದ ಮೀಸೆ ಮೀನು ಯಾವ ಚಾಳಿ ಕಲಿಯುತ್ತದೆಂದು ಮೊದಲೇ ಹೇಳಲಾಗದು. ಫ್ರಾನ್ಸಿನ ಆಲ್ಬಿ ಪಟ್ಟಣದ ತಾರ್ನ್ ನದಿಗೆ 1983ರಲ್ಲಿ ಪೂರ್ವ ಯುರೋಪಿನ ದೈತ್ಯ ವೆಲ್ಸ್ ಮೀನನ್ನು ತಂದು ಬಿಟ್ಟರು. ಕೆಲವು ದಶಕದೊಳಗೆ ಅದು ನೀರು ಕುಡಿಯಲು ಬಂದ ಪಾರಿವಾಳವನ್ನು ಹಾರಿ ಹಿಡಿಯುವುದನ್ನು ಕಲಿತಿತ್ತು. ಮೈಯ ಅರ್ಧವನ್ನು ಮರಳ ಮೇಲೆ ತಂದುಹಾಕಿ, ಹಕ್ಕಿಯನ್ನು ಕಚ್ಚಿ, ಜಾರಿಕೊಂಡು ನೀರಿಗೆ ವಾಪಸ್. ವಿಜ್ಞಾನಿಗಳು ಸೇತುವೆಯ ಮೇಲೆ ನಿಂತು ಇಂಥ 54 ದಾಳಿಗಳನ್ನು ಎಣಿಸಿ 2012ರಲ್ಲಿ ಪ್ರಕಟಿಸಿದರು. ಅದರಲ್ಲಿ ಶೇ 28ರಷ್ಟು ಗೆದ್ದಿದ್ದವು. ಊರ ಪಾರಿವಾಳ ತಿನ್ನಲು ಆ ಮೀನಿಗೆ ಯಾರೂ ಕಲಿಸಿರಲಿಲ್ಲ.

ಬಿಡುವುದೋ, ಇಡುವುದೋ

ಗಾಳದ ಹವ್ಯಾಸಿಗಳಿಗೆ ಇದೊಂದು ಧರ್ಮಸಂಕಟ ತಂದಿಟ್ಟಿದೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಮೀನು ಶಿಬಿರಗಳ ಕಾಲದಿಂದ ನಾವು ಕಲಿತ ಶಿಸ್ತು ಒಂದೇ: ಹಿಡಿ, ತೂಗು, ಫೋಟೊ ತೆಗೆ, ವಾಪಸ್ ಬಿಡು. ಕಾವೇರಿಯ ಡುಬ್ಬದ ಮಹಶೀರ್ ಅಷ್ಟಿಷ್ಟಾದರೂ ಉಳಿದದ್ದರಲ್ಲಿ ಆ ಶಿಸ್ತಿಗೆ ಪಾಲಿದೆ. ಅಭಯಾರಣ್ಯದೊಳಗೆ ಗಾಳ ನಿಂತ ಮೇಲೂ ಹೊರಗಿನ ಹವ್ಯಾಸಿಗಳು ಅದನ್ನು ವ್ರತದಂತೆ ಪಾಲಿಸುತ್ತಾರೆ. ಆಫ್ರಿಕಾದ ಮೀನಿನ ವಿಷಯದಲ್ಲಿ ಅದೇ ವ್ರತ ಅನರ್ಥ. ಹಿಡಿದದ್ದನ್ನು ಮುತ್ತಿಟ್ಟು ವಾಪಸ್ ಬಿಟ್ಟ ವಿಡಿಯೊಗಳು ಫೋನಿನಲ್ಲಿ ಬರುತ್ತಲೇ ಇರುತ್ತವೆ, ಕೆಳಗೆ ಸಾವಿರಾರು ಮೆಚ್ಚುಗೆ. ಅತ್ತ ಹೊಟ್ಟೆಪಾಡಿನ ಗಾಳದವನು ಸಿಕ್ಕಿದ್ದೆಲ್ಲ ಮನೆಗೊಯ್ಯುತ್ತಾನೆ. ಅವನ ಬುಟ್ಟಿಯಲ್ಲಿ ಮೊಟ್ಟೆ ತುಂಬಿದ ಬಾಳೆಯೂ ಇರುತ್ತದೆ, ಆಫ್ರಿಕಾದ್ದೂ ಇರುತ್ತದೆ. ಇಬ್ಬರಲ್ಲಿ ನದಿಗೆ ಹೆಚ್ಚು ಉಪಕಾರಿ ಯಾರೆಂದರೆ ಉತ್ತರ ಆ ದಿನದ ಬುಟ್ಟಿ ನೋಡಿಯೇ ಹೇಳಬೇಕು. ನನ್ನ ಮಾತು ಕೇಳುವುದಾದರೆ, ಹೊರಗಿನದನ್ನು ಬಿಡಬಾರದು, ಬಸುರಿ ಬಾಳೆಯನ್ನು ಇಡಬಾರದು. ಇದನ್ನು ಪಾಲಿಸಲು ಮೊದಲು ಯಾವುದು ಯಾವುದೆಂದು ಗುರುತು ಹಿಡಿಯುವ ಕಣ್ಣು ಬೇಕು. ಆ ಕಣ್ಣು ಇರುವವರು ಹೆಚ್ಚಾಗಿ ಹರಿಗೋಲಿನಲ್ಲಿದ್ದಾರೆ, ಕಚೇರಿಯಲ್ಲಿ ಕಡಿಮೆ.

ಅಂಥ ಕಣ್ಣನ್ನು ವಿಜ್ಞಾನ ಬಳಸಿಕೊಂಡ ಉದಾಹರಣೆ ಪಕ್ಕದ ಕೇರಳದಲ್ಲೇ ಇದೆ. ಅಲ್ಲಿನ ಮುರಕಲ್ಲಿನ ಬಾವಿಗಳಲ್ಲಿ ಬೆರಳಿಗಿಂತ ಚಿಕ್ಕದಾದ, ಕಣ್ಣೇ ಇಲ್ಲದ, ರಕ್ತದ ಬಣ್ಣ ಹೊರಗೆ ಕಾಣುವ ಮೀಸೆ ಮೀನುಗಳಿವೆ. ನೆಲದಡಿಯ ನೀರಿನಲ್ಲಿ ಬದುಕುವ ಇವು ಮೇಲೆ ಬರುವುದು ಬಾವಿ ತೊಳೆಯುವಾಗ, ಪಂಪು ಹಾಕಿದಾಗ, ಒಮ್ಮೊಮ್ಮೆ ಬಕೆಟ್ಟಿನಲ್ಲಿ. ಮೊದಲನೆಯದಕ್ಕೆ 1950ರಲ್ಲಿ ಮೆನನ್ ಅವರು ಹೆಸರಿಟ್ಟಾಗ, ಅದಕ್ಕೂ ಹೋರಾ ಅವರ ಗೌರವಾರ್ಥ ಹೋರಾಗ್ಲಾನಿಸ್ ಎಂದರು. ಇತ್ತೀಚಿನ ವರ್ಷಗಳಲ್ಲಿ ಸಂಶೋಧಕರು ಮನೆಮನೆಗೆ ಹೇಳಿ, ಬಾವಿಯಲ್ಲಿ ವಿಚಿತ್ರ ಮೀನು ಕಂಡರೆ ತಿಳಿಸಿ ಎಂದು ಕೇಳಿಕೊಂಡರು. ಜನ ತಿಳಿಸಿದರು. ಹಾಗೆ ಸಿಕ್ಕ ಹೊಸ ಜಾತಿಯೊಂದಕ್ಕೆ ಆ ಜನರ ಗೌರವಾರ್ಥವಾಗಿಯೇ ಪಾಪ್ಯುಲೈ ಎಂದು ಹೆಸರಿಟ್ಟಿದ್ದಾರೆ.

ನಮ್ಮಲ್ಲಿ ಸದ್ಯಕ್ಕೆ ಇರುವುದು ಗಾಳದವರ ವಾಟ್ಸ್ಆ್ಯಪ್ ಗುಂಪುಗಳು. ಗಾಳದ ನಂಬರು, ದಾರದ ದಪ್ಪ, ಯಾವ ಕೆರೆಗೆ ಎಷ್ಟು ನೀರು ಬಂತು ಎಂಬ ಚರ್ಚೆಯ ನಡುವೆ ಆಗಾಗ ‘ಇದು ಯಾವ ಮೀನು’ ಎಂಬ ಫೋಟೊ ಬರುತ್ತದೆ. ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಮೊನ್ನೆ ಕಾವೇರಿಯ ಮೇಲ್ಭಾಗದಿಂದ ಒಬ್ಬ ಹುಡುಗ ಹಾಕಿದ ಚಿತ್ರದಲ್ಲಿ ಗಿರ್ಲಿನಂಥದೇ ಆದರೆ ದಪ್ಪನೆಯ ಮೀನು, ಪಕ್ಕೆಯುದ್ದಕ್ಕೂ ಕಪ್ಪು ಚುಕ್ಕೆಗಳ ಸಾಲು. 1849ರಲ್ಲಿ ಜೆರ್ಡನ್ ವರ್ಣಿಸಿದ, ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲದ, ತೀವ್ರ ಅಪಾಯದ ಪಟ್ಟಿಯಲ್ಲಿರುವ ಚುಕ್ಕೆ ಮೀಸೆ ಮೀನು ಇರಬಹುದೇ ಎಂದು ಒಬ್ಬರು ಕೇಳಿದರು. ಚುಕ್ಕೆ ಎಣಿಸಿ, ಬಾಲದ ರೆಕ್ಕೆಯದ್ದು ಇನ್ನೊಂದು ಫೋಟೊ ಹಾಕು ತಮ್ಮ ಎಂದು ಮತ್ತೊಬ್ಬರು ಬರೆದರು. ಹುಡುಗನ ಉತ್ತರ ಬಂದದ್ದು ರಾತ್ರಿ ಹತ್ತರ ಮೇಲೆ: “ಸಾರಿ ಅಣ್ಣ, ಅಮ್ಮ ಆಗ್ಲೇ ಸಾರು ಮಾಡಿಬಿಟ್ರು.”